ಹೊಳೆ ಆಚೆ, ಹೊಳೆ ಈಚೆ: ಒಬ್ಬ ಅಜ್ಜಿ ಕಂಡ ಐದು ಸರ್ಕಾರ

ಕೊಪ್ಪಳ, ರಾಯಚೂರು ಕಡೆ ತೊಂಬತ್ತರ ಹತ್ತಿರ ಬಂದ ಯಾವ ಅಜ್ಜಿಯನ್ನಾದರೂ ವಯಸ್ಸು ಕೇಳಿ ನೋಡಿ. ಇಸವಿ ಹೇಳುವುದಿಲ್ಲ. "ರಜಾಕಾರರ ಗದ್ದಲದಾಗ ನಾ ಹೊಸದಾಗಿ ಗಂಡನ ಮನಿಗೆ ಬಂದಿದ್ದೆ" ಅನ್ನುತ್ತಾರೆ. ಇಲ್ಲವೇ "ಕಾಲುವಿಗೆ ನೀರು ಬಿಟ್ಟ ವರ್ಷ ಹಿರೇಮಗ ಹುಟ್ಟಿದ" ಅನ್ನುತ್ತಾರೆ. ಇದು ಸುಮ್ನೆ ಅಂದಾಜಿನ ಮಾತಲ್ಲ. ಮೊದಲನೆಯದು ಹೈದರಾಬಾದ್ ನಿಜಾಮನ ಪರ ನಿಂತ ರಜಾಕಾರರ ಖಾಸಗಿ ಪಡೆಯ ಕಾಲ, 1948. ಎರಡನೆಯದು ತುಂಗಭದ್ರಾ ಕಾಲುವೆ, 1953. ಇಸವಿ ಗೊತ್ತಿಲ್ಲದಿದ್ದರೂ ಲೆಕ್ಕ ಸರಿಯಾಗೇ ಇದೆ.

ತೊಡಕು ಇರುವುದು ನಮ್ಮ ಕಡೆಗೇ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು 1947 ಮತ್ತು 1956. ಅಜ್ಜಿಯ ಲೆಕ್ಕದಲ್ಲಿ ಈ ಎರಡೂ ಬರುವುದೇ ಇಲ್ಲ. ಹಾಗಾಗಿ ಅವರ ಕಥೆ ಒಂದು ಕಡೆ, ಇತಿಹಾಸ ಇನ್ನೊಂದು ಕಡೆ ಉಳಿದುಬಿಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಈ ಭಾಗ ಅರ್ಥವಾಗುತ್ತದೆ.

ಅದಕ್ಕಾಗಿ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ಇಂಥವರು ಇಲ್ಲಿ ಊರಿಗೊಬ್ಬರಿದ್ದರು. 1934ರ ಸುಮಾರಿಗೆ ಬಳ್ಳಾರಿ ಜಿಲ್ಲೆಯ ಕಂಪ್ಲಿಯಲ್ಲಿ ಹುಟ್ಟು. 1947ರ ಬೇಸಿಗೆಯಲ್ಲಿ ಮದುವೆ. ಕೊಟ್ಟಿದ್ದು ತುಂಗಭದ್ರೆ ದಾಟಿ, ಗಂಗಾವತಿಯನ್ನೂ ದಾಟಿ, ಕಾರಟಗಿ ಹತ್ತಿರದ ಒಂದು ಒಣ ಹಳ್ಳಿಗೆ. ಮೈಲಿ ಲೆಕ್ಕದಲ್ಲಿ ದೂರವೇನಲ್ಲ. ಮಳೆಗಾಲದಲ್ಲಾದರೆ ಹರಿಗೋಲು ಹತ್ತಬೇಕು, ಆಮೇಲೆ ಬಂಡಿ. ಆಚೆಯೂ ಕನ್ನಡ, ಈಚೆಯೂ ಕನ್ನಡ. ಅದೇ ರೊಟ್ಟಿ, ಅದೇ ಜಾತ್ರೆ, ಅದೇ ಬೀಗತನ. ಆದರೂ ಆಕೆ ಒಂದು ಆಳ್ವಿಕೆ ಬಿಟ್ಟು ಇನ್ನೊಂದು ಆಳ್ವಿಕೆಗೆ ಹೋದಳು.

ಹೊಳೆ ಗಡಿಯಾದದ್ದು ಹೇಗೆ

ಟಿಪ್ಪು ಸುಲ್ತಾನ 1799ರಲ್ಲಿ ಸತ್ತ ಮೇಲೆ ಅವನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ಬಳ್ಳಾರಿ, ಅನಂತಪುರ, ಕಡಪ ಕಡೆಯ ಸೀಮೆ ಹೈದರಾಬಾದ್ ನಿಜಾಮನ ಪಾಲಾಗಿತ್ತು. ನಿಜಾಮನಿಗೆ ತನ್ನ ರಾಜ್ಯ ಕಾಯಲು ಕಂಪನಿಯ ಸೈನ್ಯ ಬೇಕಿತ್ತು. ಆ ಸೈನ್ಯದ ಖರ್ಚಿಗೆ ಅಂತ 1800ರಲ್ಲಿ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ಇದನ್ನು ದತ್ತ ಮಂಡಲ ಅನ್ನುತ್ತಿದ್ದರು. ಕಂದಾಯ ವ್ಯವಸ್ಥೆ ಮಾಡಲು ಬಂದ ಥಾಮಸ್ ಮನ್ರೋ 1807ರ ತನಕ ಇಲ್ಲಿದ್ದ. ರೈತನ ಹೆಸರಲ್ಲೇ ನೇರವಾಗಿ ಕಂದಾಯ ಕಟ್ಟಿಸಿಕೊಳ್ಳುವ ರೈತವಾರಿ ಪದ್ಧತಿ ಈ ಕಡೆ ಬೇರೂರಿದ್ದು ಆಗ.

ಹೊಳೆಯ ಉತ್ತರಕ್ಕಿದ್ದ ಕೃಷ್ಣಾ–ತುಂಗಭದ್ರೆ ನಡುವಿನ ದೋಆಬ್ ನಿಜಾಮನ ಬಳಿಯೇ ಉಳಿಯಿತು. 1853ರಿಂದ 1860ರ ತನಕ ರಾಯಚೂರು ದೋಆಬ್ ಕೂಡ ಬ್ರಿಟಿಷರ ಕೈಲಿತ್ತು, ಆಮೇಲೆ ಹಿಂದಕ್ಕೆ ಕೊಟ್ಟರು. ಆ ನಡುವೆಯೇ, 1858ರಲ್ಲಿ, ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ ಸತ್ತದ್ದು.

ದೋಆಬಿನೊಳಗೂ ಎಲ್ಲ ಹಳ್ಳಿ ಒಂದೇ ಥರ ಇರಲಿಲ್ಲ. ನಿಜಾಮನ ಸರ್ಕಾರ ನೇರವಾಗಿ ಆಳುತ್ತಿದ್ದ ಹಳ್ಳಿಗಳು ಬೇರೆ, ದೊಡ್ಡ ಮನೆತನಗಳಿಗೆ ಬಿಟ್ಟುಕೊಟ್ಟ ಜಾಗೀರುಗಳು ಬೇರೆ. ರಾಜ್ಯದ ಸುಮಾರು ಮೂರನೇ ಒಂದು ಪಾಲು ಜಾಗೀರಿನಲ್ಲಿತ್ತು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಅಲ್ಲಿನ ರೈತನಿಗೆ ಸರ್ಕಾರ ಅಂದರೆ ನಿಜಾಮನಿಗಿಂತ ಮೊದಲು ಜಾಗೀರದಾರನ ಜನ.

ಆರು ರೂಪಾಯಿ ಏಳಾದಾಗ

ಈಗ ಅಜ್ಜಿಯ ಮದುವೆಗೆ ಬನ್ನಿ. ಮುಯ್ಯಿಗೆ ಅಂತ ಅಣ್ಣ ಆರು ರೂಪಾಯಿ ಕೊಟ್ಟ ಅಂತಿಟ್ಟುಕೊಳ್ಳಿ. ಕಂಪ್ಲಿಯ ರೂಪಾಯಿ ಅಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ, ಜನ ಕಲ್ದಾರ್ ಅನ್ನುತ್ತಿದ್ದರು. ಗಂಗಾವತಿ ಸಂತೆಯಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ. ಮೇಲೆ ಚಾರ್‌ಮಿನಾರ್ ಚಿತ್ರ, ಸುತ್ತ ಉರ್ದು ಬರಹ. ನೂರು ಕಲ್ದಾರ್‌ಗೆ ನೂರಾ ಹದಿನಾರು ಚಿಲ್ಲರೆ ಹಾಲಿ, ಅಂದರೆ ಆರಕ್ಕೆ ಏಳು. ತವರಿನಿಂದ ಆರು ತಂದವಳು ಗಂಡನ ಊರಿನಲ್ಲಿ ಏಳು ಎಣಿಸುತ್ತಾಳೆ. ಆದರೆ ಅಲ್ಲಿಂದ ಏಳು ಗಳಿಸಿ ತವರಿಗೆ ಒಯ್ದರೆ ಆರೇ. ಸಂತೆಗೆ ಹೋಗುವ ಹೆಂಗಸರು ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ಓದು ಬರದವರಿಗೆ ಲೆಕ್ಕ ಬರಲ್ಲ ಅಂತ ಯಾರು ಹೇಳಿದ್ದು?

ಗಡಿಯಲ್ಲಿ ನಿಜಾಮನದೇ ಸುಂಕದ ಕಟ್ಟೆ, ಕರೋಡಗಿರಿ ಇಲಾಖೆಯದ್ದು. ಅಂಚೆ ಚೀಟಿಯೂ ಬೇರೆ.  ಕಚೇರಿಯ ಭಾಷೆ ಉರ್ದು. ತನ್ನ ಹೊಲದ ಕಾಗದದಲ್ಲಿ ಏನು ಬರೆದಿದೆ ಅಂತ ತಿಳಿಯಲು ಕನ್ನಡದ ರೈತ ಊರಿನ ಲೆಕ್ಕ ಬರೆಯುವ ಪಟವಾರಿಯ ಬಾಯಿ ನೋಡಬೇಕಿತ್ತು. ಪಟವಾರಿ ಓದಿದ್ದೇ ಸತ್ಯ. ಕನ್ನಡ ಕಲಿಸಬೇಕು ಅಂದರೆ ಖಾಸಗಿಯಾಗಿ ಶಾಲೆ ಕಟ್ಟಬೇಕು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆಯ ಹೆಸರು ಈ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಇರುವುದು ಅದಕ್ಕೇ.

ಇನ್ನೊಂದು ಸಣ್ಣ ಸಂಗತಿ. ಮದುವೆಯಾದಾಗ ನಮ್ಮ ಅಜ್ಜಿಗೆ ಹದಿಮೂರು. ಹುಡುಗಿಗೆ ಹದಿನಾಲ್ಕು ತುಂಬಿರಬೇಕು ಅನ್ನುವ ಶಾರದಾ ಕಾಯ್ದೆ 1929ರಲ್ಲೇ ಬಂದಿತ್ತು. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ.  ಹಾಗಂತ ಕಂಪ್ಲಿಯಲ್ಲಿ ಆ ಕಾಯ್ದೆಗೆ ಹೆದರಿ ಮದುವೆ ನಿಲ್ಲಿಸಿದವರು ತೀರಾ ಕಡಿಮೆ ಬಿಡಿ.

ಹದಿಮೂರು ತಿಂಗಳು

1947ರ ಆಗಸ್ಟ್ 15. ಕಂಪ್ಲಿಗೆ ಸ್ವಾತಂತ್ರ್ಯ ಬಂತು. ಕಾರಟಗಿಗೆ ಬರಲಿಲ್ಲ.

ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೂ ಸೇರಲ್ಲ, ಪಾಕಿಸ್ತಾನಕ್ಕೂ ಸೇರಲ್ಲ ಅಂತ 1947ರ ಜೂನ್‌ನಲ್ಲೇ ಫರ್ಮಾನು ಹೊರಡಿಸಿದ್ದ. ನವೆಂಬರ್ 29ರಂದು ಭಾರತದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಒಪ್ಪಂದ ಕಾಗದದಲ್ಲಿತ್ತು. ಊರುಗಳಲ್ಲಿ ಖಾಸಿಂ ರಜ್ವಿಯ ರಜಾಕಾರರಿದ್ದರು. ಇನ್ನೊಂದು ಕಡೆ ಸ್ವಾಮಿ ರಮಾನಂದ ತೀರ್ಥರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೋರಾಟ. ಗಡಿಯಾಚೆ, ಭಾರತದ ನೆಲದಲ್ಲಿ, ಹೋರಾಟಗಾರರ ಶಿಬಿರಗಳು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳದ್ದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದ್ದು. ಅಲ್ಲಿಂದ ಬಂದು ನಿಜಾಮನ ಸುಂಕದ ಕಟ್ಟೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ ವಾಪಸ್ಸಾಗುತ್ತಿದ್ದರು.

ಸಾಮಾನ್ಯ ಮನೆಗೆ ಇದರ ಅರ್ಥ ಒಂದೇ: ರಾತ್ರಿ ಯಾರು ಬರುತ್ತಾರೋ ಗೊತ್ತಿಲ್ಲ. ಹೊಳೆ ಆಚೆ ನೆಂಟರಿದ್ದವರು ಹೆಂಗಸರು ಮಕ್ಕಳನ್ನು ಅಲ್ಲಿಗೆ ಕಳಿಸಿದರು. ಕಾಳು ನೆಲದಲ್ಲಿ ಹೂತರು, ದನ ಹೊಡೆದುಕೊಂಡು ಹೋದರು. ನಮ್ಮ ಅಜ್ಜಿಯ ತವರು ಹೊಳೆಯ ಆಚೆಗೇ ಇತ್ತು, ಅದು ಆಕೆಯ ಪುಣ್ಯ. ಮೊನ್ನೆ ಮೊನ್ನೆ ಗಂಡನ ಮನೆ ಸೇರಿದವಳು ಪುನಃ ಹರಿಗೋಲು ಹತ್ತಿದಳು, ಈ ಸಲ ಅತ್ತೆ, ನಾದಿನಿಯರನ್ನೂ ಕರೆದುಕೊಂಡು. "ರಜಾಕಾರರ ಗದ್ದಲ" ಅಂದರೆ ಆಕೆಗೆ ನೆನಪಾಗುವುದು ರಜ್ವಿಯ ಮುಖವಲ್ಲ, ಅತ್ತೆಯನ್ನು ತನ್ನ ತವರಿನಲ್ಲಿ ಇಟ್ಟುಕೊಂಡ ದಿನಗಳು. ಸೊಸೆಯ ಮಾತು ಅತ್ತೆ ಕೇಳುತ್ತಿದ್ದ ಅಪರೂಪದ ಕಾಲ ಅದು.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು. ದೊಡ್ಡ ಪಡೆ ಬಂದದ್ದು ಸೊಲ್ಲಾಪುರದ ದಿಕ್ಕಿನಿಂದ, ಹೊಸಪೇಟೆ ಕಡೆಯಿಂದಲೂ ಒಂದು ಪಡೆ ಹೊರಟಿತ್ತು. 17ಕ್ಕೆ ನಿಜಾಮ ಶರಣಾದ. ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು.

ಇಲ್ಲಿಗೇ ಕಥೆ ನಿಲ್ಲಿಸುವುದು ಸುಲಭ, ಸಾಮಾನ್ಯವಾಗಿ ನಿಲ್ಲಿಸುತ್ತಾರೆ ಕೂಡ. ಆದರೆ ಮುಂದಿನ ವಾರಗಳಲ್ಲಿ ಸೇಡು ತೀರಿಸಿಕೊಳ್ಳುವುದು ಶುರುವಾಯಿತು. ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಮುಸ್ಲಿಂ ಮನೆಗಳು ಬೆಲೆ ತೆತ್ತವು. ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ತಂಡ ಇಡೀ ರಾಜ್ಯದಲ್ಲಿ ಕಡಿಮೆ ಅಂದರೂ 27,000ದಿಂದ 40,000 ಜನ ಸತ್ತಿದ್ದಾರೆ ಅಂತ ಅಂದಾಜು ಮಾಡಿತು. ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಹಾನಿ ಜಾಸ್ತಿ. ಆ ವರದಿ ದಶಕಗಟ್ಟಲೆ ಜನರ ಕಣ್ಣಿಗೆ ಬೀಳಲಿಲ್ಲ. ಅದೇ ಊರಿನ ಇನ್ನೊಂದು ಓಣಿಯಲ್ಲಿ ಇನ್ನೊಬ್ಬ ಅಜ್ಜಿ ಇದ್ದಾಳೆ, ಆಕೆ "ಗದ್ದಲ" ಅನ್ನುವುದು ಈ ವಾರಗಳನ್ನು. ಇಬ್ಬರದ್ದೂ 1948ರ ನೆನಪೇ.

ಸರ್ಕಾರಗಳು ಬದಲಾದವು, ಮನೆ ಅಲ್ಲೇ ಇತ್ತು

ಮುಂದಿನ ಎಂಟು ವರ್ಷ ಬೇಗ ಬೇಗ ಹೇಳಿ ಮುಗಿಸಬಹುದು. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು. ಅದೇ ವರ್ಷ ನಿಜಾಮನೇ ಹೈದರಾಬಾದ್ ರಾಜ್ಯದ ರಾಜಪ್ರಮುಖ ಆದ. ನಿನ್ನೆ ತನಕ ಓಡಿಸಬೇಕು ಅಂದವನೇ ಇವತ್ತು ಗವರ್ನರ್ ಜಾಗದಲ್ಲಿ! 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಗೆದ್ದರು.

ಹೊಳೆಯ ಆಚೆ ಬೇರೆಯದೇ ಜಗಳ. ಬಳ್ಳಾರಿ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಆ ರಾಜ್ಯ ಒಡೆದು ಆಂಧ್ರ ಆಗುವಾಗ ಬಳ್ಳಾರಿ ಯಾರಿಗೆ ಅನ್ನುವ ಪ್ರಶ್ನೆ. ಪೈಲ್ವಾನ್ ರಂಜಾನ್ ಸಾಬ್ ಬಳ್ಳಾರಿಯಲ್ಲಿ ಪ್ರಾಣ ಕೊಟ್ಟದ್ದು ಈ ಹೋರಾಟದಲ್ಲೇ. 1953ರ ಅಕ್ಟೋಬರ್ 1ಕ್ಕೆ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಕಂಪ್ಲಿಯ ಅಣ್ಣ ಮೈಸೂರಿನವನಾದ. ಕಾರಟಗಿಯ ತಂಗಿ ಇನ್ನೂ ಹೈದರಾಬಾದಿನವಳು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯೂ ಮೈಸೂರಿಗೆ ಸೇರಿತು, ಅದರ ಗದ್ವಾಲ್ ಮತ್ತು ಆಲಂಪುರ ಮಾತ್ರ ಆಂಧ್ರಕ್ಕೆ ಹೋದವು. ನೂರೈವತ್ತು ವರ್ಷದ ಮೇಲೆ ಎರಡೂ ದಂಡೆ ಒಂದೇ ರಾಜ್ಯಕ್ಕೆ ಬಂದವು.

ಹಾಗಾದರೆ ಅಜ್ಜಿಗೆ ಇದು ಯಾಕೆ ನೆನಪಿಲ್ಲ? ಯಾಕೆಂದರೆ ಅಂದು ಬೆಳಿಗ್ಗೆ ಮನೆಯಲ್ಲಿ ಏನೂ ಬದಲಾಗಲಿಲ್ಲ. ಅದೇ ಮಾಲಿಪಾಟೀಲ ಕಂದಾಯ ಎತ್ತುತ್ತಿದ್ದ, ಅದೇ ಪೊಲೀಸ್ ಪಾಟೀಲ ಊರಿನ ತಂಟೆ ನೋಡುತ್ತಿದ್ದ. ಈ ಹುದ್ದೆಗಳು ಹೋದದ್ದು ಗ್ರಾಮ ಅಧಿಕಾರಗಳ ರದ್ದತಿ ಕಾಯ್ದೆ ಜಾರಿಯಾದ 1963ರಲ್ಲಿ. ಹುದ್ದೆ ಹೋಯಿತು, ಅಡ್ಡಹೆಸರು ಉಳಿಯಿತು. ಇವತ್ತಿಗೂ ಮಾಲಿಪಾಟೀಲ, ಪೊಲೀಸ್ ಪಾಟೀಲ ಅನ್ನುವ ಅಡ್ಡಹೆಸರು ಕಂಡರೆ ಆ ಮನೆತನ ಎಲ್ಲಿಯದು ಅಂತ ಅರ್ಧ ಊಹಿಸಬಹುದು.

ಕಾಲುವೆ

ಆಕೆಯ ಬಾಳನ್ನು ನಿಜವಾಗಿ ಎರಡು ಭಾಗ ಮಾಡಿದ್ದು ನೀರು. ನನ್ನ ಪ್ರಕಾರ ಈ ಭಾಗದ ಇಪ್ಪತ್ತನೇ ಶತಮಾನವನ್ನು 1947ರಿಂದಲ್ಲ, 1953ರಿಂದ ಓದಲು ಶುರು ಮಾಡಬೇಕು.

ಕಂಪ್ಲಿಯಲ್ಲಿ ನೀರು ಮೊದಲೇ ಇತ್ತು. ವಿಜಯನಗರದ ಕಾಲದ ಕಾಲುವೆಗಳು ಹೊಳೆಯ ದಂಡೆಗುಂಟ ಅಲ್ಲಿನ ಗದ್ದೆಗಳಿಗೆ ಹರಿಯುತ್ತಿದ್ದವು. ಅನ್ನ ಉಂಡು ಬೆಳೆದ ಹುಡುಗಿ ಅವಳು. ಹೊಳೆಯಿಂದ ಒಳಗೆ ಹೋದ ಹಾಗೆ ಎರೆಭೂಮಿ, ಜೋಳ, ಸಜ್ಜೆ, ನವಣೆ, ಹತ್ತಿ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ಅನ್ನ ಹಬ್ಬಕ್ಕೆ ಮಾತ್ರ.

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು 1860ರಲ್ಲೇ ಆರ್ಥರ್ ಕಾಟನ್ ಎತ್ತಿದ್ದ. ಹೊಳೆ ಇಬ್ಬರ ಗಡಿ, ಇಬ್ಬರೂ ಒಪ್ಪಬೇಕು. ಒಪ್ಪಲು 1944 ಬೇಕಾಯಿತು. 1945ರ ಫೆಬ್ರವರಿ 28ರಂದು ಮದ್ರಾಸ್ ದಂಡೆಯಲ್ಲಿ ಗವರ್ನರ್, ಹೈದರಾಬಾದ್ ದಂಡೆಯಲ್ಲಿ ನಿಜಾಮನ ಮಗ, ಅಂದರೆ ಬೇರಾರಿನ ರಾಜಕುಮಾರ, ಶಂಕುಸ್ಥಾಪನೆ ಮಾಡಿದರು. ಒಂದೇ ಅಣೆಕಟ್ಟಿಗೆ ಎರಡು ಕಡೆ ಶಂಕುಸ್ಥಾಪನೆ! ಆ ಕಡೆಯಿಂದ ಮದ್ರಾಸಿನ ಎಂಜಿನಿಯರುಗಳು, ಈ ಕಡೆಯಿಂದ ಹೈದರಾಬಾದಿನವರು ಕಟ್ಟುತ್ತಾ ಬಂದರು. ಸಿಮೆಂಟಿನ ಬದಲು ಸುಣ್ಣ ಮತ್ತು ಸುಟ್ಟ ಮಣ್ಣಿನ ಪುಡಿ, ಅಂದರೆ ಸುರ್ಕಿ ಗಾರೆಯನ್ನು ಹೆಚ್ಚಾಗಿ ಬಳಸಿದರು. ಕಟ್ಟುವ ನಡುವೆ ಬ್ರಿಟಿಷರು ಹೋದರು, ನಿಜಾಮನ ಆಳ್ವಿಕೆ ಹೋಯಿತು, ಕೆಲಸ ಮಾತ್ರ ನಡೆಯಿತು. ಹತ್ತಾರು ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು.

ಆಮೇಲೆ ಆದದ್ದು ಯಾವ ನಕ್ಷೆಯಲ್ಲೂ ಇರಲಿಲ್ಲ. ಯೋಜನೆ ಇದ್ದದ್ದು ಬರ ತಡೆಯಲು. ಸ್ವಲ್ಪ ಸ್ವಲ್ಪ ನೀರು, ಜಾಸ್ತಿ ಭೂಮಿಗೆ, ಜೋಳ ಹತ್ತಿ ಶೇಂಗಾದಂಥ ಬೆಳೆಗೆ. ಆದರೆ ಎರೆಭೂಮಿಯ ರೈತನಿಗೆ ನೀರುಣಿಸಿ ಬೆಳೆಯುವ ರೂಢಿ ಇರಲಿಲ್ಲ, ಹೊಲ ಮಟ್ಟ ಮಾಡಲು ದುಡ್ಡೂ ಇರಲಿಲ್ಲ. ಆಂಧ್ರದ ಕರಾವಳಿಯ ರೈತರಿಗೆ ಎರಡೂ ಇತ್ತು. ಅಲ್ಲಿ ಒಂದೆರಡು ಎಕರೆ ಮಾರಿ ಇಲ್ಲಿ ಹತ್ತಾರು ಎಕರೆ ಕೊಂಡರು. ಹೊಲದ ನಡುವೆಯೇ ಮನೆ ಕಟ್ಟಿಕೊಂಡರು. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ನೀವು ಕೇಳುವ "ಕ್ಯಾಂಪ್" ಅನ್ನುವ ಊರುಗಳೆಲ್ಲ ಹೀಗೆ ಹುಟ್ಟಿದ್ದು. ಭತ್ತ ಬಂತು, ಅಕ್ಕಿ ಗಿರಣಿ ಬಂದವು, ಸೋನಾ ಮಸೂರಿ ಹೆಸರು ಮಾಡಿತು.

ಅಜ್ಜಿಯ ಮನೆಯವರು? ಹಲವರು ಮಾಡಿದ್ದನ್ನೇ ಮಾಡಿರಬಹುದು: ಮದುವೆ ಸಾಲಕ್ಕೋ ಇನ್ಯಾವುದಕ್ಕೋ ನಾಲ್ಕು ಎಕರೆ ಮಾರಿ, ಅದೇ ಹೊಲದಲ್ಲಿ ನಾಟಿ ಕೂಲಿಗೆ ಹೋಗುವುದು. ಕಂಪ್ಲಿಯ ಹುಡುಗಿಗೆ ನಾಟಿ ಬರುತ್ತಿತ್ತು, ಒಣಭೂಮಿಯ ಅತ್ತೆಗೆ ಬರುತ್ತಿರಲಿಲ್ಲ. ತವರಿನ ಕಸುಬು ಗಂಡನ ಮನೆಯಲ್ಲಿ ಕೂಲಿಯಾಯಿತು. ಅನ್ನ ದಿನಾ ಉಣ್ಣುವಂತಾಯಿತು, ಹೊಲ ಇನ್ನೊಬ್ಬರದಾಯಿತು. ಒಳ್ಳೆಯದಾಯಿತೋ ಕೆಟ್ಟದಾಯಿತೋ ಅಂತ ಕೇಳಿದರೆ ಆಕೆ ಒಂದೇ ಮಾತಲ್ಲಿ ಹೇಳಲಾರಳು. ನನಗೂ ಆಗಲ್ಲ.

ಮೇಲ್ಭಾಗದವರು ಭತ್ತ ಹಾಕಿದ್ದರಿಂದ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ಹೊಲಗಳಿಗೆ ನೀರು ತಲುಪದೇ ಹೋಯಿತು. ಆ ಜಗಳ ಪ್ರತಿ ಬೇಸಿಗೆ ಇದ್ದದ್ದೇ. ನೀರು ನಿಂತಲ್ಲಿ ಭೂಮಿ ಸವಳು ಜವಳಾಯಿತು. ಶುರುವಿನಲ್ಲಿ 130 ಟಿಎಂಸಿ ಮೀರಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಜನ ಮೊಬೈಲ್ ಹಿಡಿದು ಕೂತಿದ್ದು ಸುಮ್ನೆ ಅಲ್ಲ.

ಪಹಣಿಯ ಹೆಸರು

1956ರಲ್ಲಿ ಇನ್ನೊಂದು ಸಂಗತಿ ಆಯಿತು. ಅದಕ್ಕೆ ಬಾವುಟ ಇಲ್ಲ, ಉತ್ಸವ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಗಂಡ ಉಯಿಲು ಬರೆಯದೆ ಸತ್ತರೆ ಅವನ ಪಾಲಿನಲ್ಲಿ ಹೆಂಡತಿಗೂ ಮಕ್ಕಳ ಸಮ ಹಕ್ಕು, ಅದೂ ಪೂರ್ತಿ ಹಕ್ಕು. ಅಲ್ಲಿಯ ತನಕ ಯಾವ ಸರ್ಕಾರದ ಯಾವ ಹೊಲದ ಕಾಗದದಲ್ಲೂ ನಮ್ಮ ಅಜ್ಜಿ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿದಾಗ ಮೊದಲ ಸಲ ಪಹಣಿಯಲ್ಲಿ ಆಕೆಯ ಹೆಸರು ಬರುತ್ತದೆ, ಗಂಡು ಮಕ್ಕಳ ಹೆಸರಿನ ಜೊತೆ ಜಂಟಿಯಾಗಿ. ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇರುತ್ತದೋ ಇಲ್ಲವೋ ಅನ್ನುವುದು ಮನೆಯ ಮರ್ಜಿ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಪಾಲು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆ 2005ರಲ್ಲಿ ಬಂತು. "ಅಣ್ಣನ ಮನೆ ಬಾಗಿಲು ಮುಚ್ಚಿಕೊಳ್ಳಬಾರದು" ಅಂತ ಹಕ್ಕುಬಿಡುಗಡೆಗೆ ಹೆಬ್ಬೆಟ್ಟು ಒತ್ತಿದವರು ಎಷ್ಟು ಜನ ಅಂತ ಯಾವುದೇ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಕೂತ ಬಾಂಡ್ ರೈಟರ್‌ನನ್ನು ಕೇಳಿ.

1973ರಲ್ಲಿ ಮೈಸೂರು ಕರ್ನಾಟಕವಾಯಿತು. 1997ರಲ್ಲಿ ರಾಯಚೂರು ಒಡೆದು ಕೊಪ್ಪಳ ಜಿಲ್ಲೆ ಆಯಿತು. 2012ರ ಕೊನೆಗೆ ಸಂಸತ್ತು 371(ಜೆ) ವಿಧಿಯನ್ನು ಒಪ್ಪಿತು, 2013ರಲ್ಲಿ ಜಾರಿಯಾಯಿತು. ಈ ಭಾಗದ ಸರ್ಕಾರಿ ಕೆಲಸಗಳಲ್ಲಿ ಸ್ಥಳೀಯರಿಗೆ ಎ ಮತ್ತು ಬಿ ಗುಂಪಿನಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಮೀಸಲು. ಇದರಲ್ಲಿ ಒಂದು ತಮಾಷೆ ಇದೆ. ಇದು ಹೈದರಾಬಾದ್ ಕರ್ನಾಟಕಕ್ಕೆ ಅಂತ ಬಂದ ವಿಧಿ. ಆದರೆ ಹೈದರಾಬಾದಿನ ಆಳ್ವಿಕೆಯಿಂದ 1800ರಲ್ಲೇ ಬೇರೆಯಾಗಿದ್ದ ಬಳ್ಳಾರಿಯೂ ಒಳಗಿದೆ. ಕಂಪ್ಲಿಯ ಅಣ್ಣನ ಮೊಮ್ಮಗ, ಕಾರಟಗಿಯ ತಂಗಿಯ ಮೊಮ್ಮಗಳು ಈಗ ಒಂದೇ ಅರ್ಹತಾ ಪತ್ರಕ್ಕೆ ಅರ್ಜಿ ಹಾಕುತ್ತಾರೆ. 2019ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ.

ನಿಮ್ಮ ಮನೆಯ ಟ್ರಂಕಿನಲ್ಲಿ

ಇಂಥ ಕಥೆ ನಿಮ್ಮ ಮನೆಯಲ್ಲೂ ಇದ್ದರೆ ಇಸವಿ ಕೇಳಬೇಡಿ. ಯಾವ ರೂಪಾಯಿ ಚಲಾವಣೆಯಲ್ಲಿತ್ತು, ಕಾಲುವೆ ಬಂದಿತ್ತಾ, ಗದ್ದಲಕ್ಕೆ ಯಾರ ಮನೆಗೆ ಹೋಗಿದ್ದಿರಿ ಅಂತ ಕೇಳಿ. ಹೈದರಾಬಾದಿನ ಕಡೆಯವರಾದರೆ 1954–55ರ ಖಾಸ್ರಾ ಪಹಣಿ ಹುಡುಕಿ, ಜಮೀನಿನ ತಕರಾರುಗಳಲ್ಲಿ ಇವತ್ತಿಗೂ ವಕೀಲರು ಮೊದಲು ಕೇಳುವ ಕಾಗದ ಅದು. ಅದಕ್ಕೂ ಹಳೆಯದಿದ್ದರೆ ಉರ್ದುವಿನಲ್ಲಿರುತ್ತದೆ, ಓದಬಲ್ಲ ಹಿರಿಯರನ್ನು ಬೇಗ ಹಿಡಿಯಿರಿ. ಅದರಲ್ಲಿ ಇಸವಿ ಫಸಲಿಯಲ್ಲಿ, ಅಂದರೆ ಕಂದಾಯದ ಲೆಕ್ಕದ ವರ್ಷದಲ್ಲಿ ಇರುತ್ತದೆ. ನಿಜಾಮನ ಫಸಲಿ ವರ್ಷ ಅಕ್ಟೋಬರ್ ಹೊತ್ತಿಗೆ ಆಜರ್ ತಿಂಗಳಿಂದ ಶುರು. ನಮ್ಮ ಇಸವಿ ಬೇಕಾದರೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕದ ಕಾಗದಕ್ಕೆ 590 ಕೂಡಿಸಿ, ಜನವರಿ ದಾಟಿದ್ದರೆ 591.

ಕ್ರಯಪತ್ರವೊಂದರಲ್ಲಿ ಫಸಲಿ 1357, ಮಾಹೆ ಆಬಾನ್ (ಫಸಲಿಯ ಕೊನೆಯ ತಿಂಗಳು) ಅಂತ ಕಂಡರೆ ಸ್ವಲ್ಪ ನಿಲ್ಲಿ. ಅದು 1948ರ ಸೆಪ್ಟೆಂಬರ್ ಹೊತ್ತು. ಆ ತಿಂಗಳು ಹೊಲ ಮಾರಿದವರು ಯಾರು, ಎಷ್ಟಕ್ಕೆ ಮಾರಿದರು, ಆಮೇಲೆ ಆ ಮನೆಯವರು ಊರಲ್ಲಿ ಉಳಿದರಾ ಅಂತ ಕೇಳಿ. ಕೇಳುವ ಮುಂಚೆ ಪಡಸಾಲೆಯಲ್ಲಿ ಯಾರ್ಯಾರು ಕೂತಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ. ಕೊಂಡವರ ಮೊಮ್ಮಕ್ಕಳೂ ಅಲ್ಲೇ ಇರಬಹುದು.